ತಲೆ ಬೋಳಿಸಿದ್ದು ಯಾವ ತಪ್ಪಿಗೆ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಸರಸ್ವತಿಪುರಂನಲ್ಲಿ ಗೆಳತಿಯ ಮನೆಯಲ್ಲಿ ನಮ್ಮ ಓದುವ ಬಳಗ ಸೇರಿತ್ತು. ಕಾಫಿ ಕುಡಿಯುತ್ತಾ ಎರಡನೇ ಮಹಾಯುದ್ಧದ ಮಾತು ಬಂತು. 1940ರಿಂದ 1944ರವರೆಗೆ ಜರ್ಮನ್ನರು ಫ್ರಾನ್ಸನ್ನು ಹಿಡಿದುಕೊಂಡಿದ್ದಾಗ ಅಲ್ಲಿನ ಎಷ್ಟೋ ಹೆಂಗಸರಿಗೆ ಜರ್ಮನ್ ಸೈನಿಕರ ಜೊತೆ ಸಂಬಂಧ ಬೆಳೆಯಿತು, ಜರ್ಮನ್ನರು ಹೋದ ಮೇಲೆ ಊರವರು ಆ ಹೆಂಗಸರನ್ನು ಬೀದಿಗೆಳೆದು ತಲೆ ಬೋಳಿಸಿದರು ಎಂದು ಒಬ್ಬರು ಹೇಳಿದರು. ಅಲ್ಲಿದ್ದ ಹಿರಿಯರೊಬ್ಬರು ತಕ್ಷಣ, "ಸರಿಯಾಗೇ ಮಾಡಿದ್ರು ಬಿಡಿ, ಶತ್ರು ಜೊತೆ ಹೋದವಳಿಗೆ ಆರತಿ ಎತ್ತಬೇಕಿತ್ತಾ?" ಎಂದರು. ಒಂದಿಬ್ಬರು ನಕ್ಕರು. ನನ್ನ ಜೊತೆ ಬಂದಿದ್ದ ತಂಗಿಯ ಮಗಳು ಮಾತ್ರ ಮೆಲ್ಲಗೆ ಕೇಳಿದಳು, "ದೊಡ್ಡಮ್ಮ, ನೀವಾಗಿದ್ದಿದ್ರೆ ಏನ್ಮಾಡ್ತಿದ್ರಿ?"

ಆವತ್ತು ನನಗೆ ಬಾಯಿ ಬರಲಿಲ್ಲ. ನಾಲ್ಕು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಈ ಪತ್ರ.

ಮೊದಲು ಆ ಹೆಂಗಸಿನ ಮನೆಯೊಳಗೆ ಒಂದು ಸಲ ಹೋಗಿ ನೋಡೋಣ. 1940ರಲ್ಲಿ ಸುಮಾರು 18 ಲಕ್ಷ ಫ್ರೆಂಚ್ ಸೈನಿಕರು ಜರ್ಮನ್ನರಿಗೆ ಸೆರೆಸಿಕ್ಕರು. ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಜರ್ಮನಿಯ ಶಿಬಿರಗಳಲ್ಲೇ ಇದ್ದರು. ಮನೆಯಲ್ಲಿ ಉಳಿದವಳು ಹೆಂಡತಿ, ಜೊತೆಗೆ ಮಕ್ಕಳು, ವಯಸ್ಸಾದ ಅತ್ತೆ. ಬ್ರೆಡ್ಡಿಗೂ ರೇಷನ್, ಬೆಣ್ಣೆಗೂ ರೇಷನ್, ಚಳಿ ಕಾಯಲು ಇದ್ದಿಲು ಇಲ್ಲ. ಕೆಲಸ ಕೊಡುವವನು ಜರ್ಮನ್ನನೇ, ಅವನ ಬಟ್ಟೆ ಒಗೆಯಬೇಕು, ಅಡುಗೆಮನೆಯಲ್ಲಿ ದುಡಿಯಬೇಕು, ಎಷ್ಟೋ ಕಡೆ ಸೈನಿಕನನ್ನು ಅವಳ ಮನೆಯ ಕೋಣೆಯಲ್ಲೇ ಇಳಿಸಿದ್ದರು. ದಿನಾ ಎದುರಿಗೆ ಕಾಣುವವನು ಇಪ್ಪತ್ತೆರಡು ವರ್ಷದ ಹುಡುಗ, ತನ್ನ ಊರಿನ ಫೋಟೋ ತೋರಿಸುತ್ತಾನೆ, ಮಗುವಿಗೆ ಸಕ್ಕರೆ ಕೊಡುತ್ತಾನೆ. ಇಲ್ಲಿ ಎಲ್ಲಿಯವರೆಗೆ ಹಸಿವು, ಎಲ್ಲಿಯವರೆಗೆ ಹೆದರಿಕೆ, ಎಲ್ಲಿಂದ ಮುಂದೆ ಪ್ರೀತಿ ಅಂತ ಗೆರೆ ಎಳೆಯೋದು ಯಾರು? ಅವಳಿಗೇ ಗೊತ್ತಿತ್ತೋ ಇಲ್ಲವೋ. ಮೂರೂ ಬೆರೆತ ಮನೆಗಳೂ ಇದ್ದಿರಬೇಕು.

ಹಾಗೆ ತಲೆ ಬೋಳಿಸಿಕೊಂಡವರು ಸುಮಾರು 20,000 ಹೆಂಗಸರು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಎಲ್ಲರೂ ಜರ್ಮನ್ನರ ಗೆಳತಿಯರೂ ಅಲ್ಲ, ಬರೀ ಅನುಮಾನಕ್ಕೆ ಸಿಕ್ಕವರೂ ಇದ್ದರು. 1944ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾರ್ತ್ರ್ ಎಂಬ ಊರಿನಲ್ಲಿ ಯುದ್ಧದ ಛಾಯಾಗ್ರಾಹಕ ರಾಬರ್ಟ್ ಕಾಪಾ ತೆಗೆದ ಒಂದು ಫೋಟೋ ಇದೆ. ಬೋಳುತಲೆಯ ಹೆಂಗಸು ಎದೆಗವಚಿಕೊಂಡ ಕೂಸನ್ನೇ ನೋಡುತ್ತಾ ನಡೆಯುತ್ತಿದ್ದಾಳೆ, ಸುತ್ತ ಬೀದಿ ತುಂಬಾ ಜನ ನಗುತ್ತಿದ್ದಾರೆ, ಆ ಗುಂಪಿನಲ್ಲಿ ಹೆಂಗಸರೂ ಇದ್ದಾರೆ. ಇದೇ ಹೆಂಗಸಿನ ಮೇಲೆ ನೆರೆಯವರ ಹೆಸರು ಜರ್ಮನ್ನರಿಗೆ ಹೇಳಿಕೊಟ್ಟಳು ಎಂಬ ದೊಡ್ಡ ಆರೋಪವೂ ಇತ್ತು. ಅದು ಕೋರ್ಟಿಗೆ ಹೋಯಿತು, ಆದರೆ ರುಜುವಾತಾಗಲಿಲ್ಲ. ನಾನು ಅವಳನ್ನು ನಿರಪರಾಧಿ ಅನ್ನುತ್ತಿಲ್ಲ. ವಿಚಾರಣೆ ನಡೆದದ್ದು ಆಮೇಲೆ, ಕತ್ತರಿ ಮೊದಲೇ ಆಡಿತ್ತು, ಅಷ್ಟು ಹೇಳುತ್ತಿದ್ದೇನೆ.

ಫೋಟೋ ನೋಡಿದಾಗ ನನಗೆ ನೆನಪಾಗಿದ್ದು ಶ್ರೀರಂಗಪಟ್ಟಣದ ನಮ್ಮ ತಾಯಿಯ ತವರುಮನೆ. ಅಲ್ಲಿ ನಮ್ಮಜ್ಜಿಯ ಅಕ್ಕ ಇದ್ದರು, ಹದಿನಾರಕ್ಕೆ ಗಂಡ ಸತ್ತು ತಲೆ ಬೋಳಿಸಿಕೊಂಡವರು. ಕೆಂಪು ಸೀರೆ, ತಲೆ ಮೇಲೆ ಎಳೆದ ಸೆರಗು. ಆಗಾಗ ಹಿತ್ತಿಲ ಬಾಗಿಲಿಗೆ ಕ್ಷೌರದವನು ಬರುತ್ತಿದ್ದ, ಆಗ ಮಕ್ಕಳನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ರಜಕ್ಕೆ ಹೋದಾಗ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದವರು ಅವರೇ. ಮಲ್ಲಿಗೆ ಮುಡಿಸಿ ಆಮೇಲೂ ಸುಮ್ನೆ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದರು. ಅವರು ಮಾಡಿದ ತಪ್ಪೇನು? ಗಂಡ ವಿಷಮಶೀತ ಜ್ವರದಲ್ಲಿ ಸತ್ತ, ಅಷ್ಟೇ. ಅದಕ್ಕೇ ಸಂಪಾದಕರೇ, ಹೆಂಗಸಿನ ತಲೆ ಬೋಳಿಸಿದ್ದು ಸರಿ ಎಂದು ಯಾರಾದರೂ ಅಂದರೆ ಅದು ಯಾವ ದೇಶದ್ದೇ ಆಗಲಿ ನನ್ನ ಕೈಲಿ ಕೇಳಿಕೊಂಡು ಕೂರಲು ಆಗೋದಿಲ್ಲ.

ಯುದ್ಧ ಸೋತದ್ದು ಯಾರು? ಸೈನ್ಯ ನಡೆಸಿದ್ದು, ಶರಣಾದದ್ದು, ಶತ್ರುವಿನ ಕೈ ಕುಲುಕಿದ್ದು ಗಂಡಸರು. ಫ್ರಾನ್ಸಿನ ಹೆಂಗಸರಿಗೆ ಆಗ ಓಟು ಕೂಡ ಇರಲಿಲ್ಲ, ಅವರು ಮೊದಲ ಸಲ ಓಟು ಹಾಕಿದ್ದು 1945ರ ಏಪ್ರಿಲ್‌ನಲ್ಲಿ. ಜರ್ಮನ್ನರಿಗೆ ಸಿಮೆಂಟು, ವೈನು, ಲಾರಿ ಮಾರಿ ದುಡ್ಡು ಮಾಡಿದ ಗಂಡಸರ ತಲೆಯನ್ನು ಹೀಗೆ ಚೌಕದಲ್ಲಿ ನಿಲ್ಲಿಸಿ ಬೋಳಿಸಲಿಲ್ಲ. ಪ್ಯಾರಿಸ್ಸಿನ ದೊಡ್ಡ ಹೋಟೆಲಿನಲ್ಲಿದ್ದುಕೊಂಡು ಜರ್ಮನ್ ಅಧಿಕಾರಿಯ ಜೊತೆ ಸಂಬಂಧ ಇಟ್ಟುಕೊಂಡಿದ್ದ ಹೆಸರಾಂತ ಫ್ಯಾಷನ್ ವಿನ್ಯಾಸಕಿ ಕೊಕೊ ಶನೆಲ್ ಅವರನ್ನೂ ವಿಚಾರಿಸಿ ಬಿಟ್ಟುಬಿಟ್ಟರು. ಸಿಕ್ಕಿಬಿದ್ದವಳು ಬಟ್ಟೆ ಒಗೆಯುವವಳು.

ಜರ್ಮನ್ನರು ಹೀಗೇ ಹಿಡಿದುಕೊಂಡಿದ್ದ ನಾರ್ವೆಯದು ಇನ್ನೂ ಸಂಕಟ. ಅಲ್ಲಿ ಜರ್ಮನ್ ಸೈನಿಕರಿಗೆ ಹುಟ್ಟಿದ ಮಕ್ಕಳೇ ಹತ್ತು ಹನ್ನೆರಡು ಸಾವಿರ. ಯುದ್ಧ ಮುಗಿದ ಮೇಲೆ, ಜರ್ಮನ್ನನನ್ನು ಮದುವೆಯಾದ ಹೆಂಗಸರ ಪೌರತ್ವ ಕಿತ್ತುಕೊಂಡು ಜರ್ಮನಿಗೆ ಅಟ್ಟಿದರು. ಜರ್ಮನ್ ಹೆಂಗಸರನ್ನು ಮದುವೆಯಾಗಿದ್ದ ನಾರ್ವೆಯ ಗಂಡಸರು 28 ಜನ ಇದ್ದರು, ಅವರಲ್ಲಿ ಒಬ್ಬನ ಪೌರತ್ವವೂ ಹೋಗಲಿಲ್ಲ. ಪ್ರೀತಿ ಅದೇ, ಶತ್ರು ದೇಶವೂ ಅದೇ, ಅಲ್ವಾ? ಆಬ್ಬಾ ಎಂಬ ಹಾಡಿನ ತಂಡದ ಆನಿ ಫ್ರಿಡ್ ಹುಟ್ಟಿದ್ದು ಜರ್ಮನ್ ಸೈನಿಕನನ್ನು ಪ್ರೀತಿಸಿದ ಇಂಥ ನಾರ್ವೆಯ ತಾಯಿಗೇ. ಊರವರ ಬಾಯಿಗೆ ಹೆದರಿ ಅಜ್ಜಿ ಕೂಸನ್ನೆತ್ತಿಕೊಂಡು ಸ್ವೀಡನ್ನಿಗೆ ಹೋದರು. ತಾಯಿ 1947ರಲ್ಲಿ, ಇನ್ನೂ 21 ವರ್ಷಕ್ಕೇ ತೀರಿಕೊಂಡಳು. ನಾರ್ವೆಯ ಆಗಿನ ಪ್ರಧಾನಿ ಎರ್ನಾ ಸೋಲ್ಬರ್ಗ್ ಈ ಹೆಂಗಸರ ಕ್ಷಮೆ ಕೇಳಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳಲು ಎಷ್ಟು ಜನ ಉಳಿದಿದ್ದರು?

ತಂಗಿಯ ಮಗಳಿಗೆ ಈಗ ಉತ್ತರ ಹೇಳಬಲ್ಲೆ. ನಾನೂ ಪ್ರೀತಿಸುತ್ತಿದ್ದೆನೋ ಏನೋ ಪುಟ್ಟಿ, ಆಣೆ ಮಾಡಿ ಹೇಳಲಾರೆ. ಆದರೆ ಅವನ ಬಾಯಿಂದ "ನಾಳೆ ಪಕ್ಕದ ಮನೆ ಶೋಧ ಮಾಡ್ತಾರೆ" ಅನ್ನೋದು ಕಿವಿಗೆ ಬಿದ್ದರೆ ಆ ರಾತ್ರಿಯೇ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೆನಾ, ಇಲ್ಲವಾ? ಅಲ್ಲಿ ನನ್ನನ್ನು ಅಳೆಯಬೇಕು. ತಟ್ಟದೆ ಮಲಗಿದ್ದರೆ, ಅಥವಾ ಆ ಮನೆಯವರ ಹೆಸರನ್ನು ನಾನೇ ಹೇಳಿಕೊಟ್ಟಿದ್ದರೆ, ನನ್ನನ್ನು ಕೋರ್ಟಿಗೆ ನಿಲ್ಲಿಸಲಿ. ಹೆಸರು ಹೇಳಿಕೊಟ್ಟ ಗಂಡಸನ್ನೂ ಪಕ್ಕದಲ್ಲೇ ನಿಲ್ಲಿಸಲಿ. ಯಾರ ಜೊತೆ ಮಲಗಿದೆ ಎನ್ನುವುದನ್ನು ಆ ದೂರಿನಲ್ಲಿ ಬರೆಯಬಾರದು.

ಸಂಪಾದಕರಲ್ಲಿ ಒಂದು ಕೋರಿಕೆ. ಪ್ರತಿ ವರ್ಷ ಡಿಸೆಂಬರ್ 16 ಬಂದಾಗ 1971ರ ಗೆಲುವಿನ ಬಗ್ಗೆ, ನಮ್ಮ ಯೋಧರ ಬಗ್ಗೆ ಬರೆಯುತ್ತೀರಿ, ನಾನು ಓದುತ್ತೇನೆ, ಹೆಮ್ಮೆಯೂ ಆಗುತ್ತದೆ. ಅದೇ ಯುದ್ಧದಲ್ಲಿ ಬಾಂಗ್ಲಾದ ಲಕ್ಷಾಂತರ ಹೆಂಗಸರ ಮೇಲೆ ಪಾಕಿಸ್ತಾನಿ ಸೈನಿಕರು, ಅವರ ಬೆಂಬಲಿಗರಿಂದ ಅತ್ಯಾಚಾರ ನಡೆಯಿತು. ಅಲ್ಲಿ ಪ್ರೀತಿಯ ಮಾತೇ ಇಲ್ಲ, ಬರೀ ಬಲಾತ್ಕಾರ. ಬಾಂಗ್ಲಾ ಸರ್ಕಾರ ಅವರಿಗೆ ವೀರಾಂಗನೆ ಎಂದು ಬಿರುದು ಕೊಟ್ಟರೂ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡವು, ಬಿರುದೇ ಬೈಗುಳವಾಯಿತು. ಅವರನ್ನು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಲು ಶುರುಮಾಡಿದ್ದು 2015ರಲ್ಲಿ. ಈ ಸಲ ಡಿಸೆಂಬರ್ 16ರ ಪುಟದಲ್ಲಿ ಅವರಿಗೂ ಅರ್ಧ ಪುಟ ಕೊಡಿ. ಭಾನುವಾರ ನಮ್ಮ ಬಳಗದಲ್ಲಿ ನಾನೇ ಅದನ್ನು ಗಟ್ಟಿಯಾಗಿ ಓದುತ್ತೇನೆ, ಆ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ಮೈಸೂರು