ಅಳಿಯಂದಿರ ಅಂಗಿ, ಕಟಿಂಗ್ ಮತ್ತು ನಾದಿನಿಯ ಮದುವೆ: ಮಗಳಿಗೊಂದು ಪತ್ರ

ಹುಬ್ಬಳ್ಳಿ

ಮಗಳೇ,

ನಿನ್ನ ನಾದಿನಿಯ ಮದುವೆಗೆ ಅಳಿಯಂದಿರಿಗೆ ಏನು ಹಾಕಿಸಲಿ ಅಂತ ನೀನು ಕಳಿಸಿದ ಮೂರೂ ಫೋಟೋ ನೋಡಿದೆ. ಒಂದು ನೀಲಿ ಬ್ಲೇಜರ್, ಒಂದು ಕೆನೆ ಬಣ್ಣದ ಶೇರ್ವಾನಿ. ಮೂರನೆಯದು ಯಾವುದೋ ಸಲೂನಿನ ಹುಡುಗನದ್ದು. ಅದರ ಕೆಳಗೆ ‘ಇವರಿಗೂ ಹೀಗೇ ಕಟಿಂಗ್ ಮಾಡಿಸಲಾ?’ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳೋಣ ಅಂದರೆ ಅಳಿಯಂದಿರು ಪಕ್ಕದಲ್ಲೇ ಇರುತ್ತಾರೆ, ನೀನು ಬೇರೆ ಸ್ಪೀಕರ್ ಹಾಕುತ್ತೀಯ. ಅಳಿಯಂದಿರ ಹೊಟ್ಟೆ, ನೆತ್ತಿಯ ಮಾತನ್ನು ಅತ್ತೆಯಾದವಳು ಸ್ಪೀಕರಿನಲ್ಲಿ ಆಡಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಎಲ್ಲಾದರೂ ಒಳಗಿಡು, ಫ್ರಿಜ್ ಮೇಲೆ ಬಿಡಬೇಡ.

ಬ್ಲೇಜರ್ ವಾಪಸ್ ಕೊಡು. ಬಣ್ಣ ಚೆನ್ನಾಗಿದೆ, ಆದರೆ ಭುಜ ಅವರದ್ದಲ್ಲ. ಫೋಟೋ ದೊಡ್ಡದು ಮಾಡಿ ನೋಡು. ತೋಳು ಕೂಡಿಸಿದ ಹೊಲಿಗೆ ಭುಜದ ಎಲುಬು ಮುಗಿಯುವಲ್ಲಿ ಕೂರಬೇಕು. ಇಲ್ಲಿ ಎರಡು ಬೆರಳು ಕೆಳಗೆ ಇಳಿದಿದೆ. ಹೊಟ್ಟೆಯ ಹತ್ತಿರ ಗುಂಡಿ ಹತ್ತಲಿ ಅಂತ ಒಂದು ಸೈಜ್ ದೊಡ್ಡದು ಕೊಟ್ಟಿದ್ದಾರೆ. ಅದರಿಂದ ಹೊಟ್ಟೆಯೇನೂ ಅಡಗಲಿಲ್ಲ. ಅಣ್ಣನ ಕೋಟು ಇಸಿದುಕೊಂಡು ಬಂದವರ ಹಾಗೆ ಕಾಣುತ್ತಾರೆ, ಅಷ್ಟೇ.

ರೆಡಿಮೇಡ್ ತಂದು ‘ಸ್ವಲ್ಪ ಆಲ್ಟರ್ ಮಾಡಿಕೊಡ್ರಿ’ ಅನ್ನುವವರು ನಮ್ಮ ಟೇಲರ್ ಅಂಗಡಿಗೆ ದಿನಾ ಬರುತ್ತಾರೆ. ಸೊಂಟ ಹಿಡಿಸಬಹುದು. ತೋಳು ಗಿಡ್ಡ ಮಾಡಬಹುದು. ಉದ್ದ ಕಡಿಮೆ ಮಾಡಬಹುದು. ಭುಜ ಅಂದ ಕೂಡಲೇ ನಿಮ್ಮಪ್ಪ ಟೇಪು ಕೆಳಗಿಡುತ್ತಾರೆ. ಭುಜಕ್ಕೆ ಕೈ ಹಾಕಿದರೆ ತೋಳು ಪೂರ್ತಿ ಬಿಚ್ಚಬೇಕು, ಕಂಕುಳ ಸುತ್ತು ಮತ್ತೆ ಕತ್ತರಿಸಬೇಕು. ಕೋಟಾದರೆ ಒಳಗಿನ ಅಸ್ತರು, ಪ್ಯಾಡು ಎಲ್ಲ ಹೊರಗೆ ಬರುತ್ತದೆ. ಅಷ್ಟು ಕೂಲಿ ಕೊಡುವ ಬದಲು ಹೊಸದೇ ಹೊಲಿಸಬಹುದು. ಅದಕ್ಕೇ ಗಂಡಸರ ಬಟ್ಟೆ ರೆಡಿಮೇಡ್ ತಗೊಳ್ಳುವಾಗ ಮೊದಲು ಭುಜ ನೋಡು. ಅದು ಸರಿ ಕೂತರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಇನ್ನೆರಡು ಪರೀಕ್ಷೆ ಟ್ರಯಲ್ ರೂಮಿನಲ್ಲೇ ಮಾಡಿಸು. ಕಾಲರ್ ಗುಂಡಿ ಹಾಕಿದ ಮೇಲೂ ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಹೋಗಬೇಕು. ಆಮೇಲೆ ಎರಡೂ ಕೈ ಮೇಲೆತ್ತಲು ಹೇಳು. ಅಂಗಿ ಪ್ಯಾಂಟಿನಿಂದ ಪೂರಾ ಎದ್ದು ಹೊರಗೆ ಬಂತು ಅಂದರೆ ಕಂಕುಳ ತುಂಬಾ ಕೆಳಗಿಳಿದಿದೆ ಅಂತ ಅರ್ಥ. ಅಂಥ ಅಂಗಿ ದಿನವಿಡೀ ಒಳಗೆ ತುರುಕಿಕೊಳ್ಳುತ್ತಲೇ ಇರಬೇಕು.

ಶೇರ್ವಾನಿಯ ವಿಷಯ. ಸಿಟ್ಟಾಗಬೇಡ, ನನಗೆ ಅದು ಸೇರಲೇ ಇಲ್ಲ. ಮೇ ತಿಂಗಳು, ಹಾವೇರಿ, ಮಧ್ಯಾಹ್ನದ ಅಕ್ಕಿಕಾಳು, ಅಂದರೆ ಅಕ್ಷತೆ. ಅಳಿಯಂದಿರು ಮದುಮಗಳ ಅಣ್ಣ. ವೇದಿಕೆ ಮೇಲೆ ಸುಮ್ನೆ ಕೂರುವವರಲ್ಲ. ಅಡುಗೆಯವರ ಹತ್ತಿರ ಓಡಬೇಕು, ಬೀಗರನ್ನು ಎದುರುಗೊಳ್ಳಬೇಕು, ಬಗ್ಗಿ ಹಿರಿಯರ ಕಾಲಿಗೆ ಬೀಳಬೇಕು. ಆ ದಪ್ಪ ಬಟ್ಟೆ, ಒಳಗೆ ಪಾಲಿಸ್ಟರ್ ಅಸ್ತರು, ಮೇಲೆ ಕುತ್ತಿಗೆವರೆಗೆ ಗುಂಡಿ. ಅರ್ಧ ಗಂಟೆಯಲ್ಲಿ ಬೆನ್ನು ತೊಯ್ಯುತ್ತದೆ. ಇನ್ನೊಂದು, ಬೀಗರು ಹಾವೇರಿಯವರು. ಏಲಕ್ಕಿ ಹಾರ ಹಾಕದೆ ಬಿಡುವುದಿಲ್ಲ. ಅಷ್ಟು ಕುಸುರಿಯ ಹಾರ ಜರಿ ಕೆಲಸದ ಎದೆ ಮೇಲೆ ಬಿದ್ದರೆ ಹಾರವೂ ಕಾಣುವುದಿಲ್ಲ, ಜರಿಯೂ ಕಾಣುವುದಿಲ್ಲ. ಬಿಳಿ ಅಂಗಿ ಮೇಲೆ ಅದೇ ಹಾರ ನೋಡು, ಮೈಗೇ ಬೇರೆ ಕಳೆ ಬರುತ್ತದೆ.

ಅಕ್ಕಿಕಾಳಿನ ಹೊತ್ತಿಗೆ ಧೋತರ, ನೆಹರು ಶರ್ಟು, ಹೆಗಲಿಗೆ ಶಲ್ಯ, ತಲೆಗೆ ಪಟಗಾ. ಇಷ್ಟೇ ಇರಲಿ. ನಮ್ಮ ಕಡೆ ನೆಹರು ಶರ್ಟು ಸಡಿಲವಾಗಿಯೇ ಹೊಲಿಯುತ್ತಾರೆ, ಹೊಟ್ಟೆ ಇದ್ದವರಿಗೂ ಹೊಂದುತ್ತದೆ, ಗಾಳಿಯೂ ಆಡುತ್ತದೆ. ಅಳಿಯಂದಿರಿಗೆ ಕಚ್ಚೆ ಹಾಕಲು ಬರುವುದಿಲ್ಲ ಅಂತ ನನಗೆ ಗೊತ್ತು. ನಿಮ್ಮಪ್ಪ ಉಡಿಸಿಕೊಡುತ್ತಾರೆ. ಅವರಿಗೆ ಮಾವನ ಮುಂದೆ ನಾಚಿಕೆ ಅನಿಸಿದರೆ ಬೆಲ್ಟ್ ಹಚ್ಚಿದ ಸಿದ್ಧ ಧೋತರ ಈಗ ಎಲ್ಲ ಕಡೆ ಸಿಗುತ್ತದೆ. ಅದರಲ್ಲೇನೂ ತಪ್ಪಿಲ್ಲ. ಊಟದ ಪಂಕ್ತಿಯಲ್ಲಿ ಬಡಿಸುವಾಗ ಕಚ್ಚೆ ಬಿಚ್ಚುವುದಕ್ಕಿಂತ ಅದು ಎಷ್ಟೋ ವಾಸಿ.

ಸಂಜೆಯ ಆರತಕ್ಷತೆಗೆ ಮಾತ್ರ ಅಂಗಿ-ಪ್ಯಾಂಟು, ಮೇಲೊಂದು ಜಾಕೀಟು. ಜಾಕೀಟಿಗೆ ನಮ್ಮ ಹುಬ್ಬಳ್ಳಿಯ ಬೆಂಗೇರಿಯಿಂದ ಖಾದಿ ತರೋಣ ಅಂತ ನನ್ನ ಆಸೆ. ಅಲ್ಲಿಯ ಖಾದಿ ಸಂಘ 1957ರಲ್ಲಿ ಶುರುವಾದದ್ದು. ದೇಶದ ಬಾವುಟ ಹೊಲಿಯುವ ಜಾಗ ಅದು, ಅಳತೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಪರೀಕ್ಷೆ ಇರುತ್ತದೆ. ನಮ್ಮ ಗಿರಾಕಿಗಳು ಅರ್ಧ ಇಂಚಿಗೆ ಜಗಳ ತೆಗೆದಾಗ ನಿಮ್ಮಪ್ಪ ಆ ಹೊಲಿಯುವವರನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಾರೆ. ಖಾದಿ ಬೆವರು ಹೀರುತ್ತದೆ. ಆದರೆ ಹೊಲಿಯುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಗಿಡ್ಡ ಆಗುತ್ತದೆ. ಅಂಗಿಗೂ ಖಾದಿಯೇ ಅಂದರೆ 36 ಇಂಚು ಪನ್ನಾದಲ್ಲಿ (ಬಟ್ಟೆಯ ಅಗಲ) ಅವರ ಮೈಗೆ ಎರಡೂವರೆ ಮೀಟರ್ ಬೇಕು. ಲಿನನ್ ಬೇಡ. ಚಂದವೇನೋ ಹೌದು, ಆದರೆ ಒಮ್ಮೆ ಕೂತು ಎದ್ದರೆ ಮುದ್ದೆ.

ಬಣ್ಣದ ವಿಷಯದಲ್ಲಿ ನಿನಗೂ ನನಗೂ ಜಗಳ ಆಗುತ್ತದೆ ಅಂತ ಗೊತ್ತು. ‘ಇವರು ಕಪ್ಪು, ತಿಳಿ ಬಣ್ಣವೇ ಹಾಕಬೇಕು’ ಅಂತ ನಿನ್ನ ಅತ್ತೆಯವರು ಹೇಳುತ್ತಾರಂತೆ. ಅವರ ಮಾತು ಮೀರು ಅಂತ ನಾನು ಹೇಳುವುದಿಲ್ಲ. ಆದರೆ ಕಪ್ಪು ಮೈಗೆ ಮಣ್ಣು ಬಣ್ಣ, ಬಾಟಲ್ ಹಸಿರು, ಅರಿಷಿಣದ ಹಳದಿ ಎಷ್ಟು ಒಪ್ಪುತ್ತವೆ ಅಂದರೆ, ಬಿಳಿಯ ಮೈಯವರು ಆಸೆಪಡಬೇಕು. ಒಪ್ಪದಿರುವುದು ಆ ಬೂದಿಬೂದಿ ತಿಳಿ ಬಣ್ಣಗಳೇ. ಬಟ್ಟೆ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡ. ಜವಳಿ ಸಾಲಿನಲ್ಲಿ ನಾನು ಥಾನು ಬಾಗಿಲ ಹೊರಗೆ ತಂದು ಬಿಸಿಲಲ್ಲಿ ಅಳಿಯಂದಿರ ಕೈ ಮೇಲೆ ಹಾಕಿ ನೋಡುತ್ತೇನೆ. ಅಂಗಡಿಯವರು ಗೊಣಗಲಿ.

ಪ್ಯಾಂಟು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಗಂಡಸರು ಹೆಚ್ಚು ಹಟ ಮಾಡುವುದು ಇಲ್ಲೇ. ಹೊಟ್ಟೆ ಬಂದ ಮೇಲೂ ‘ನನ್ನ ಸೊಂಟ 34’ ಅಂತ ಹೇಳುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. 34 ಅಲ್ಲಿ ಹಿಡಿಸುತ್ತದೆ, ನಿಜ. ಆದರೆ ಪ್ಯಾಂಟು ಜಾರುತ್ತಲೇ ಇರುತ್ತದೆ, ಹಿಂದೆ ಜೋತುಬೀಳುತ್ತದೆ, ಕಾಲು ಗಿಡ್ಡ ಕಾಣುತ್ತವೆ. ಹೊಕ್ಕಳಿಗಿಂತ ಒಂದೆರಡು ಬೆರಳು ಕೆಳಗೆ ಕಟ್ಟಿದರೆ ಅದೇ ಮನುಷ್ಯ ಎತ್ತರ ಕಾಣುತ್ತಾನೆ. ನಂಬರ್ 38 ಬರುತ್ತದೆ, ಬರಲಿ ಬಿಡು. ಯಾರೂ ಪಟ್ಟಿ ತಿರುಗಿಸಿ ನಂಬರ್ ಓದುವುದಿಲ್ಲ. ಮುಂದೆ ಒಂದೊಂದು ನೆರಿಗೆ ಇರಲಿ, ಕೂತಾಗ ತೊಡೆ ಬಿಗಿಯುವುದಿಲ್ಲ. ಎರಡೂ ಪಕ್ಕ ಪಟ್ಟಿಯೊಳಗೆ ಎಲಾಸ್ಟಿಕ್ ಹಾಕಲು ನಿಮ್ಮಪ್ಪನಿಗೆ ಹೇಳುತ್ತೇನೆ. ಹೊರಗೆ ಗೊತ್ತಾಗುವುದಿಲ್ಲ. ಹೋಳಿಗೆ ಊಟದ ಮೇಲೆ ಗೊತ್ತಾಗುತ್ತದೆ.

ಬಿಗಿಯಾದದ್ದೇ ಫ್ಯಾಷನ್ ಅಂತ ಅವರು ವಾದ ಮಾಡಿದರೆ ನಿಮ್ಮ ಅಜ್ಜನ ಕಾಲದ ಅಳತೆ ಪುಸ್ತಕ ತೋರಿಸೋಣ. 1970ರ ದಶಕದ ಹಾಳೆಗಳಲ್ಲಿ ಬಾಟಮ್, ಅಂದರೆ ಪ್ಯಾಂಟಿನ ಕೆಳಗಿನ ಸುತ್ತು, 24 ಇಂಚು ಅಂತ ಬರೆದಿದೆ. ಬೆಲ್ ಬಾಟಮ್ ಕಾಲ. ಆಮೇಲೆ 1990ರ ಹೊತ್ತಿಗೆ ನೆರಿಗೆ ತುಂಬಿದ ಬ್ಯಾಗಿ. ಆಮೇಲೆ ಕಾಲಿಗೆ ಅಂಟಿಕೊಳ್ಳುವ ಪೆನ್ಸಿಲ್. ಈಗ ವಿದ್ಯಾನಗರದ ಕಾಲೇಜು ಹುಡುಗರು ‘ಕೊರಿಯನ್ ಪ್ಯಾಂಟ್’ ಅಂತ ಸಡಿಲ ಕೇಳುತ್ತಾರೆ. ನಿಮ್ಮಪ್ಪ ಹಳೇ ಬ್ಯಾಗಿಯದ್ದೇ ಕಟಿಂಗ್ ಹಾಕಿ ಕೊಡುತ್ತಾರೆ, ಹುಡುಗರು ಖುಷಿಯಿಂದ ಒಯ್ಯುತ್ತಾರೆ.

ಇನ್ನು ತಲೆ. ನಮ್ಮ ಅಂಗಡಿ ಪಕ್ಕದ ಸಲೂನಿನ ಕಾಕಾ ಅವರನ್ನು ಕೇಳಿದೆ. ಯಾರಿಗೆ ಅಂತ ಹೇಳಲಿಲ್ಲ, ಅವರಿಗೆ ಗೊತ್ತಾಯಿತು. ನೀನು ಕಳಿಸಿದ ಹುಡುಗನದ್ದು ಉದ್ದ ಮುಖ, ಒತ್ತು ಕೂದಲು. ಅಳಿಯಂದಿರದ್ದು ದುಂಡು ಮುಖ, ಮುಂದೆ ಎರಡೂ ಮೂಲೆ ಹಿಂದೆ ಸರಿದಿವೆ. ಆ ಕಟಿಂಗಿಗೆ ಬೇಕಾದ ಕೂದಲು ಇವರ ಹತ್ತಿರ ಇಲ್ಲ ಅಂತ ಕಾಕಾ ನೇರವಾಗಿಯೇ ಹೇಳಿದರು. ಪಕ್ಕದಲ್ಲಿ ಗಿಡ್ಡ, ಮೇಲೆ ಒಂದು ಇಂಚಿನಷ್ಟು. ಪಕ್ಕದ ಕೂದಲು ಇಳಿದರೆ ಮುಖ ಸ್ವಲ್ಪ ಉದ್ದ ಕಾಣುತ್ತದೆ, ಮೇಲಿನದು ಇದ್ದದ್ದಕ್ಕಿಂತ ಒತ್ತಾಗಿ ಕಾಣುತ್ತದೆ. ಒಂದು ಕಡೆಯಿಂದ ಉದ್ದ ಎಳೆದು ಬೋಳು ಮುಚ್ಚುವುದು ಖಂಡಿತ ಬೇಡ. ಹಾವೇರಿಯಲ್ಲಿ ಒಂದು ಗಾಳಿ ಬೀಸಿದರೆ ಸಾಕು! ಒದ್ದೆ ಹಾಗೆ ಹೊಳೆಯುವ ಜೆಲ್ ಕೂಡ ಬೇಡ, ಕೂದಲು ಗುಂಪುಗುಂಪಾಗಿ ನಡುವೆ ಚರ್ಮ ಕಾಣುತ್ತದೆ.

ಸಲೂನಿಗೆ ಹೋಗಿ ‘ಮೀಡಿಯಂ’ ಅನ್ನಬೇಡಿ. ಒಬ್ಬೊಬ್ಬರ ಮೀಡಿಯಂ ಒಂದೊಂದು. ಮಷೀನಿಗೆ ಹಚ್ಚುವ ಬಾಚಣಿಕೆಗೆ ನಂಬರ್ ಇರುತ್ತದೆ. ಸಾಮಾನ್ಯವಾಗಿ 1 ಅಂದರೆ 3 ಮಿಲಿಮೀಟರ್, 2 ಅಂದರೆ 6. ಕಿವಿಯ ಸುತ್ತ 2, ಅದರ ಮೇಲೆ 3 ಅಂತ ಹೇಳಲಿ. ಝೀರೋ ಬೇಡ. ಹಿಂದೆ ನೆತ್ತಿಯಲ್ಲಿ ಎರಡು ಸುಳಿ ಇವೆ ಅಲ್ವಾ, ಅಲ್ಲಿ ಮಷೀನು ಓಡಿಸದೆ ಕತ್ತರಿಯಿಂದಲೇ ಮಾಡಲು ಹೇಳಲಿ, ಇಲ್ಲದಿದ್ದರೆ ಕೂದಲು ನೆಟ್ಟಗೆ ನಿಲ್ಲುತ್ತವೆ. (ಎರಡು ಸುಳಿ ಇದ್ದವರಿಗೆ ಎರಡು ಮದುವೆ ಅಂತ ನಿಮ್ಮಜ್ಜಿ ಹೇಳುತ್ತಿದ್ದರು. ನಿಶ್ಚಯದ ದಿನವೇ ನಾನು ಆ ಸುಳಿ ನೋಡಿದ್ದೆ, ಬಾಯಿ ಬಿಡಲಿಲ್ಲ.)

ಕಟಿಂಗ್ ಮದುವೆಗೆ ಒಂದು ವಾರ ಮುಂಚೆ ಆಗಲಿ. ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರಿನಷ್ಟು. ವಾರದಲ್ಲಿ ಕಟಿಂಗ್ ಕೆಡುವುದಿಲ್ಲ, ಹೊಸದಾಗಿ ಕತ್ತರಿಸಿದ ಗೆರೆ ಮಾತ್ರ ಮಾಸುತ್ತದೆ. ಊರಿಗೆ ಬಂದ ಮೇಲೆ ಮಾಡಿಸುವುದಾದರೆ ಮಂಗಳವಾರ ಸಲೂನು ಬಂದ್ ಇರುತ್ತದೆ ಅನ್ನುವುದು ನೆನಪಿರಲಿ. ಗಡ್ಡ ಇರಲಿ, ಅವರಿಗೆ ಒಪ್ಪುತ್ತದೆ. ಕೆನ್ನೆಯ ಮೇಲೆ ಗಿಡ್ಡ, ಗದ್ದದ ಹತ್ತಿರ ತುಸು ಉದ್ದ. ಕೆಳಗೆ ಗಂಟಲಮಣಿಗಿಂತ ಎರಡು ಬೆರಳು ಮೇಲೆ ಗಡ್ಡದ ಗೆರೆ ನಿಲ್ಲಬೇಕು. ಅದಕ್ಕಿಂತ ಮೇಲೆ ಹೋದರೆ ಎರಡನೆಯ ಗದ್ದ ಇಣುಕುತ್ತದೆ. ಕಿವಿಯೊಳಗಿನ ಕೂದಲು ನೀನೇ ನೋಡಿ ಹೇಳು. ಅದನ್ನು ಹೆಂಡತಿಯೇ ಹೇಳಬೇಕು.

ಡೈ ಮಾತ್ರ ಹುಷಾರು. ಹಿಂದಿನ ದಿನ ಹೊಸ ಡೈ ಹಚ್ಚಿಕೊಂಡು ಮುಖ ಬಾತು ಮದುವೆಗೆ ಬಂದವರನ್ನು ನೋಡಿದ್ದೇನೆ. ಕಪ್ಪು ಡೈಯಲ್ಲಿ ಹೆಚ್ಚಾಗಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ‘ಕಪ್ಪು ಮೆಹಂದಿ’ ಅಂತ ಮಾರುವ ಎಷ್ಟೋ ಪುಡಿಗಳಲ್ಲೂ ಅದೇ ಇರುತ್ತದೆ. ನಿಜವಾದ ಮೆಹಂದಿ ಕಪ್ಪು ಬಣ್ಣ ಕೊಡುವುದಿಲ್ಲ. ಹಚ್ಚಲೇಬೇಕು ಅಂದರೆ ಕಿವಿಯ ಹಿಂದೆ ಒಂದು ಹನಿ ಹಚ್ಚಿ 48 ಗಂಟೆ ಕಾಯಲಿ. ನನ್ನ ಕೇಳಿದರೆ ಆ ನಾಲ್ಕು ಬಿಳಿ ಕೂದಲು ಹಾಗೇ ಇರಲಿ. ಮದುಮಗಳ ಅಣ್ಣ ಅನ್ನುವ ತೂಕ ಬರುತ್ತದೆ.

ಕಾಲಿಗೆ ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು, ಧಾರವಾಡವೂ ಅದರಲ್ಲಿದೆ. ಹೆಸರು ಕೊಲ್ಹಾಪುರದ್ದಾದರೂ ಚಪ್ಪಲಿ ನಮ್ಮದೂ ಹೌದು. ಹೊಸದು ಕಚ್ಚುತ್ತದೆ, ಈಗಲೇ ತಗೊಂಡು ಮನೆಯಲ್ಲಿ ಹಾಕಿ ಓಡಾಡಲಿ. ಸಂಜೆ ಬೂಟು ಹಾಕುವುದಾದರೆ ಸಾಕ್ಸ್ ಒಮ್ಮೆ ತಿರುಗಿಸಿ ನೋಡು. ಮಂಟಪ ಹತ್ತುವಾಗ ಬೂಟು ಬಿಚ್ಚಿಸುತ್ತಾರೆ, ತೂತಿನಿಂದ ಹೆಬ್ಬೆರಳು ಇಣುಕಿದರೆ ಬೀಗರ ಕಡೆಯ ಹುಡುಗಿಯರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಈಗ ಅಳತೆ ಕಳಿಸು. ಬನಿಯನ್ ಮೇಲೆ ತಗೊ, ದಪ್ಪ ಅಂಗಿ ಮೇಲೆ ಬೇಡ. ಭುಜ ಹಿಂದಿನಿಂದ, ಈ ಎಲುಬಿನಿಂದ ಆ ಎಲುಬಿಗೆ. ತೋಳು ಭುಜದಿಂದ ಮಣಿಕಟ್ಟಿನ ಎಲುಬಿನವರೆಗೆ, ಮೊಣಕೈ ಸ್ವಲ್ಪ ಮಡಚಿರಲಿ. ಎದೆ, ಹೊಟ್ಟೆ, ಸೀಟು ಮೂರೂ ಸುತ್ತಳತೆ. ಸೊಂಟದ್ದು ಮಾತ್ರ ನಿಂತಾಗ ಒಂದು, ಕುರ್ಚಿಯಲ್ಲಿ ಕೂತಾಗ ಒಂದು. ಎರಡರ ನಡುವೆ ಒಂದೆರಡು ಇಂಚು ವ್ಯತ್ಯಾಸ ಬರುತ್ತದೆ, ಗಾಬರಿ ಆಗಬೇಡ. ಟೇಪು ಕಂಡ ಕೂಡಲೇ ಗಂಡಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಏನಾದರೂ ಮಾತಿಗೆ ಹಚ್ಚು, ಕ್ರಿಕೆಟ್ ಆದರೆ ಒಳ್ಳೆಯದು. ಉಸಿರು ಬಿಟ್ಟಾಗ ನಂಬರ್ ಬರೆದುಕೊ. ಅವರಿಗೆ ಕಡಿಮೆ ಹೇಳಿದರೂ ನಡೆಯುತ್ತದೆ, ನನಗೆ ಸರಿಯಾದದ್ದನ್ನೇ ಕಳಿಸು.

ಮದುವೆ ಸೀಸನ್ ಅಂತ ಅಂಗಡಿಯಲ್ಲಿ ಕೆಲಸ ಒಟ್ಟಿದೆ. ಈ ವಾರದೊಳಗೆ ಅಳತೆ ಬಂದರೆ ನಿಮ್ಮಪ್ಪ ಕತ್ತರಿಸುತ್ತಾರೆ, ಕಾಜಾ-ಗುಂಡಿ ನಾನೇ ಹಾಕುತ್ತೇನೆ. ಜಾಕೀಟಿನ ಬಣ್ಣ ಅವರೇ ಹೇಳಲಿ. ಬೂದಿ ಅಂದರೆ ಮಾತ್ರ ನನಗೆ ಫೋನ್ ಮಾಡು.

ನಿನ್ನ ಅವ್ವ