ಬಾಯಿ ಬಿಡದ ಇಪ್ಪತ್ತು ಹುಡುಗರು

ಪ್ರೀತಿಯ ಪುಟ್ಟಿಗೆ,

ಊರಿನ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯಾಗಿರುತ್ತದೆ. ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ನೀನು ಇಂಗ್ಲಿಷ್ ಕಲಿಸುವ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಇಪ್ಪತ್ತೂ ಹುಡುಗರು ಇಂಗ್ಲಿಷ್ ಎಂದೊಡನೆ ತಲೆ ತಗ್ಗಿಸುತ್ತಾರೆ, ಎರಡು ವರ್ಷವೂ ಹೀಗೇ ಕಳೆದುಹೋದರೆ ಏನು ಗತಿ ಎಂದು ಬರೆದಿದ್ದೀಯಲ್ಲ, ಅದು.

ಆ ಮೌನಕ್ಕೆ ಹೆದರಬೇಡ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ಶಾಲೆಗಳಲ್ಲಿ ನಡೆಸಿದ ಬೆಂಗಳೂರು ಪ್ರಾಜೆಕ್ಟ್ ಎಂಬ ಇಂಗ್ಲಿಷ್ ಕಲಿಕೆಯ ಪ್ರಯೋಗದಲ್ಲಿ ಮಕ್ಕಳನ್ನು ಮಾತಾಡಿ ಎಂದು ಒತ್ತಾಯಿಸುತ್ತಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು ಒಂದು ಲೆಕ್ಕವನ್ನು ಇಡೀ ತರಗತಿಯ ಜೊತೆ ಬಾಯಿಬಿಟ್ಟು ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಅವರವರೇ ಬಿಡಿಸುವುದು. ಒಂದೇ ಪದದ ಉತ್ತರ ಬಂದರೂ ಸಾಕಿತ್ತು. ಹೀಗೆ ಬಿಡಿಸಲು ಕೊಡುವ ಕೆಲಸಕ್ಕೇ ಟಾಸ್ಕ್ ಎನ್ನುವುದು; ಅರ್ಧದಷ್ಟು ಮಕ್ಕಳು ಅದರಲ್ಲಿ ಅರ್ಧದಷ್ಟಾದರೂ ಸರಿಮಾಡಿದರೆ ಟಾಸ್ಕ್ ಹದವಾಗಿದೆ ಎಂಬುದು ಅವರ ಅಳತೆ. ಇಷ್ಟು ಹತ್ತಿರದಲ್ಲಿ ನಡೆದ ಕೆಲಸವನ್ನು ಬಿಟ್ಟು ವರ್ಷಗಟ್ಟಲೆ ವ್ಯಾಕರಣದ ಕೋಷ್ಟಕ ಬರೆಸಿದೆನಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

'ನಿಮ್ಮ ಬಗ್ಗೆ ಹೇಳಿ' ಎಂದರೆ ಯಾರು ಬಾಯಿ ಬಿಡುತ್ತಾರೆ, ಹೇಳು? ಕೇಳಲೇಬೇಕಾದ ಕಾರಣ ಬೇಕು. ಕೆಟ್ಟ ಸೀಲಿಂಗ್ ಫ್ಯಾನ್ ತಗೋ. ಒಬ್ಬನ ಚೀಟಿಯಲ್ಲಿ ಗಿರಾಕಿಯ ದೂರು: ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಕೈಯಿಂದ ತಳ್ಳಿದರೆ ನಿಧಾನಕ್ಕೆ ಶುರುವಾಗುತ್ತದೆ. ಇನ್ನೊಬ್ಬನ ಚೀಟಿಯಲ್ಲಿ ದೋಷಪಟ್ಟಿ: ಸದ್ದೇ ಇಲ್ಲದಿದ್ದರೆ ಸಪ್ಲೈ, ರೆಗ್ಯುಲೇಟರ್ ನೋಡು, ಸ್ವಿಚ್ ಆಫ್ ಮಾಡಿದಾಗಲೂ ರೆಕ್ಕೆ ಬಿಗಿಯಾಗಿದ್ದರೆ ಬೇರಿಂಗ್, ತಳ್ಳಿದಾಗ ತಿರುಗಿದರೆ ಕೆಪ್ಯಾಸಿಟರ್. ಪ್ರಶ್ನೆ ಕೇಳದೆ ದೋಷ ಸಿಗದು. ಬೆನ್ನಿಗೆ ಬೆನ್ನು ಹಾಕಿ ಕೂರಿಸು, ಇಲ್ಲವಾದರೆ ಚೀಟಿ ತೋರಿಸಿಕೊಂಡು ಮುಗಿಸಿಬಿಡುತ್ತಾರೆ. (ಪ್ರಭು ಅವರು ಜೋಡಿ ಕೆಲಸವನ್ನು ನೆಚ್ಚಿರಲಿಲ್ಲ, ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟೀತೆಂಬ ಅಳುಕು. ಮಾತು ಹೊರಡಬೇಕಾದ ಕಡೆ ಆ ಅಪಾಯ ಪರವಾಗಿಲ್ಲ ಎಂದು ನನಗನ್ನಿಸುತ್ತದೆ.)

ಮೊದಲ ಸಲವೂ ಅವರು ಸುಮ್ಮನೇ ಇರಬಹುದು. ಆಗ ನೀನೇ ಗಿರಾಕಿಯಾಗಿ ಒಬ್ಬ ಹುಡುಗನ ಜೊತೆ ಐದು ನಿಮಿಷ ಮಾಡಿ ತೋರಿಸು. ಟಾಸ್ಕಿಗೆ ಎಂಟು ನಿಮಿಷ ಸಾಕು. 'ಫ್ಯಾನ್ ನಾಟ್ ರೊಟೇಟಿಂಗ್, ಓನ್ಲಿ ಸೌಂಡ್ ಕಮಿಂಗ್' ಅಂದರೆ ತಡೆದು ತಿದ್ದಬೇಡ, ನಡುವೆ ತಿದ್ದಿದೆಯೋ ಮೌನ ವಾಪಸ್ಸು ಬಂತೆಂದೇ ತಿಳಿ. ನಡುವೆ ಕನ್ನಡ ನುಸುಳಿದರೂ ಗದರಬೇಡ. ದೋಷ ಏನೆಂದು ಗಿರಾಕಿಗೆ ಕೊಡುವ ಕೊನೆಯ ವರದಿ ಇಂಗ್ಲಿಷಿನಲ್ಲಿರಲಿ, ಅಷ್ಟೇ.

ವರದಿಗೆ ಮುಂಚೆ ಆರು ನಿಮಿಷ ತಯಾರಿಗೆ ಬಿಡು. ಎಲ್ಲರೆದುರು ಹೇಳಬೇಕೆಂದಾಗ ಅವರೇ ವಾಕ್ಯ ತಿದ್ದಿಕೊಳ್ಳುತ್ತಾರೆ, ನಿನ್ನನ್ನು ಕರೆದು ಪದ ಕೇಳುತ್ತಾರೆ. ಮೂರು ಜೋಡಿಯ ವರದಿಯಾದರೆ ಸಾಕು, ಇಪ್ಪತ್ತು ಜನರದೂ ಕೇಳಹೊರಟರೆ ಉಳಿದವರು ನಿದ್ದೆ ಹೋಗುತ್ತಾರೆ. ನೀನು ಬರೆದಿಟ್ಟುಕೊಂಡ ತಪ್ಪುಗಳಲ್ಲಿ ಎರಡನ್ನೇ, ಹೆಸರು ಹೇಳದೆ, ಕೊನೆಗೆ ಬೋರ್ಡಿನ ಮೇಲೆ ಹಾಕು. 'ಇಟ್ ಈಸ್ ಮೇಕ್ ಸೌಂಡ್?' ಪಕ್ಕದಲ್ಲಿ 'ಡಸ್ ಇಟ್ ಮೇಕ್ ಎ ಸೌಂಡ್?'

ವಾರ ಬಿಟ್ಟು ಅದೇ ಟಾಸ್ಕನ್ನು ಜೋಡಿ ಬದಲಿಸಿ ಮಾಡಿಸು. ಇದನ್ನು ಮೊದಲೇ ಹೇಳಬೇಕಿತ್ತು. ಏನು ಹೇಳಬೇಕೆಂಬುದು ಗೊತ್ತಿರುವುದರಿಂದ ಹೇಗೆ ಹೇಳಬೇಕೆಂಬುದರ ಕಡೆ ಆಗಲೇ ಅವರ ಗಮನ ಹೋಗುವುದು.

ಇಷ್ಟೆಲ್ಲ ಮಾಡಿಯೂ ಹಿಂದಿನ ಬೆಂಚಿನ ಇಬ್ಬರು ಬಾಯಿ ಬಿಡದಿರಬಹುದು. ಅವರಿಗೆ ಗಿರಾಕಿಯ ಚೀಟಿ ಕೊಡು, ಅದರಲ್ಲಿ 'ಯೆಸ್', 'ನೋ' ಅಂದರೂ ಟಾಸ್ಕ್ ಮುಂದೆ ಹೋಗುತ್ತದೆ. ಮುಂದಿನ ಕಾಗದದಲ್ಲಿ ಆ ಇಬ್ಬರು ಅಂದ ಮಾತನ್ನು, ತಪ್ಪಿದ್ದರೂ, ಇದ್ದ ಹಾಗೇ ಬರೆದು ಕಳಿಸು.

ನಿನ್ನ
ದೊಡ್ಡಮ್ಮ