ವಿದ್ಯಾರ್ಥಿವೇತನ ಮಗುವಿಗೋ, ಕಾಲೇಜಿಗೋ?

ಮಾನ್ಯ ಸಂಪಾದಕರೆ,

ಅಮೆರಿಕದಲ್ಲಿ ಕಾಲೇಜು ಸೇರುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಕನ್ನಡ ಕೂಟಗಳು ಮತ್ತು ದಾನಿಗಳು ಒಂದು ಲೆಕ್ಕವನ್ನು ಗಮನಿಸಬೇಕು. ಕೊಟ್ಟ ಹಣ ಎಷ್ಟೋ ಸಲ ಮಗುವಿಗೆ ದಕ್ಕದೆ ಕಾಲೇಜಿಗೇ ಉಳಿತಾಯವಾಗುತ್ತದೆ.

ಖಾಸಗಿ ಕಾಲೇಜೊಂದರ ವರ್ಷದ ಒಟ್ಟು ವೆಚ್ಚ 80,000 ಡಾಲರ್ ಎನ್ನಿ. ಫಾಫ್ಸಾ, ಅಂದರೆ ಫೆಡರಲ್ (ಅಮೆರಿಕದ ಕೇಂದ್ರ) ಸರ್ಕಾರದ ನೆರವಿಗೆ ಸಲ್ಲಿಸುವ ಅರ್ಜಿಯ ಪ್ರಕಾರ ಕುಟುಂಬದ ಸೂಚ್ಯಂಕ, ಸ್ಥೂಲವಾಗಿ ಕುಟುಂಬ ಭರಿಸಬಲ್ಲದೆಂದು ಲೆಕ್ಕಹಾಕಿದ ಮೊತ್ತ, 20,000. ಉಳಿದ 60,000 ಡಾಲರ್ ವಿದ್ಯಾರ್ಥಿಯ 'ಅಗತ್ಯ'. ಅದನ್ನು ಕಾಲೇಜು 54,000 ಅನುದಾನ (ಮರಳಿಸಬೇಕಿಲ್ಲದ ಹಣ), 3,500 ಫೆಡರಲ್ ಸಾಲ, 2,500 ಕ್ಯಾಂಪಸ್ ಕೆಲಸದಿಂದ ತುಂಬಿದೆ. ಈಗ ಹೊರಗಿನಿಂದ 5,000 ಬಂತು. ಹೊರಗಿನ ಹಣವೂ ಸೇರಿ ಅಗತ್ಯಾಧಾರಿತ ನೆರವು ಅಗತ್ಯವನ್ನು ಮೀರಬಾರದೆಂಬುದು ಫೆಡರಲ್ ನಿಯಮ. ಏನನ್ನಾದರೂ ಕಡಿತ ಮಾಡಲೇಬೇಕು. ಸಾಲ ಮತ್ತು ಕೆಲಸದಲ್ಲಿ ಕಡಿದರೆ ಮಗುವಿಗೆ ಪೂರ್ತಿ 5,000 ಉಳಿಯಿತು. ಅನುದಾನದಲ್ಲೇ ಕಡಿದರೆ ಸೊನ್ನೆ: ಸಾಲವೂ ಹಾಗೇ, ಕೆಲಸವೂ ಹಾಗೇ. ಎಲ್ಲಿ ಕಡಿಯಬೇಕೆಂಬುದು ಬಹುತೇಕ ಕಾಲೇಜಿನ ಇಚ್ಛೆ. ಸಾಲ ಇರುವಾಗ ಅನುದಾನಕ್ಕೆ ಕೈ ಹಾಕುವುದು ಅನ್ಯಾಯ.

ಮೇರಿಲ್ಯಾಂಡ್ 2017ರಲ್ಲಿ ತನ್ನ ಸಾರ್ವಜನಿಕ ಕಾಲೇಜುಗಳಲ್ಲಿ ಇದಕ್ಕೆ ಕಾನೂನಿನ ಕಡಿವಾಣ ಹಾಕಿತು. ನಂತರ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳೂ ಹಾಕಿದವು. ಆದರೆ ಕ್ಯಾಲಿಫೋರ್ನಿಯಾದ ರಕ್ಷಣೆ ಮುಖ್ಯವಾಗಿ ಫೆಡರಲ್ ಸರ್ಕಾರದ ಪೆಲ್ ಅನುದಾನಕ್ಕೆ ಅರ್ಹರಾದ ಕಡಿಮೆ ಆದಾಯದ ಮಕ್ಕಳಿಗೆ. ಸಾಫ್ಟ್‌ವೇರ್ ಸಂಬಳದ ಮನೆಯವರು ಅದನ್ನು ನೆಚ್ಚುವಂತಿಲ್ಲ. ಬೆಂಗಳೂರಿನಿಂದ ನೇರ ಹೋಗುವ ವಿದ್ಯಾರ್ಥಿಗೆ ಫೆಡರಲ್ ಸಾಲವೇ ಸಿಗದು, ಹಾಗಾಗಿ ಕತ್ತರಿ ಅನುದಾನಕ್ಕೇ ಬೀಳುವ ಸಂಭವ ಹೆಚ್ಚು.

ಚೆಕ್ ಮಗುವಿನ ಹೆಸರಿಗೇ ಬಂದರೂ ಕಾಲೇಜಿಗೆ ತಿಳಿಸಲೇಬೇಕು. ಮುಚ್ಚಿಟ್ಟದ್ದು ವರ್ಷದ ನಡುವೆ ಗೊತ್ತಾದರೆ ಕೊಟ್ಟ ನೆರವನ್ನು ಹಿಂಪಡೆದು ಬಾಕಿ ಬಿಲ್ ಕಳಿಸುತ್ತಾರೆ. ಅದರ ಬದಲು, ಹೆಚ್ಚಿನ ಕಾಲೇಜುಗಳು ಸೀಟು ಖಚಿತಪಡಿಸಲು ಕೊಡುವ ಮೇ 1ರ ಗಡುವಿಗೆ ಮೊದಲೇ ಕಾಲೇಜಿನ ಆರ್ಥಿಕ ನೆರವು ಕಚೇರಿಗೆ ಇಮೇಲ್ ಬರೆಯಿರಿ: ಹೊರಗಿನ ಹಣ ಬಂದರೆ ಮೊದಲು ಕಡಿಮೆಯಾಗುವುದು ಯಾವುದು? ಉತ್ತರ ಬರಹದಲ್ಲೇ ಇರಲಿ. ಲ್ಯಾಪ್‌ಟಾಪ್, ಆರೋಗ್ಯ ವಿಮೆಯನ್ನು ಒಟ್ಟು ವೆಚ್ಚಕ್ಕೆ ಸೇರಿಸಲೂ ಕೇಳಬಹುದು. ವೆಚ್ಚ ಏರಿದರೆ ಅಗತ್ಯವೂ ಏರುತ್ತದೆ, ಕಡಿತ ತಗ್ಗುತ್ತದೆ.

ಕೂಟಗಳು ತಮ್ಮ ಮಂಜೂರಾತಿ ಪತ್ರದಲ್ಲಿ 'ಅನುದಾನ ಕಡಿತವಾಗುವುದಾದರೆ ಈ ಹಣವನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸುತ್ತೇವೆ' ಎಂಬ ಒಂದು ಸಾಲು ಸೇರಿಸಲಿ. ಹಣವನ್ನು ಊಟ-ವಸತಿಗೇ ಎಂದು ಗೊತ್ತುಮಾಡುವುದೂ ಬೇಡ. ಬೋಧನಾ ಶುಲ್ಕ, ಕೋರ್ಸಿನ ಪುಸ್ತಕಕ್ಕೆ ಬಳಸಿದ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ. ಊಟ-ವಸತಿಗೆ ಬಳಸಿದ್ದು ಮಗುವಿನ ಆದಾಯವಾಗುತ್ತದೆ.

— ಓದುಗರೊಬ್ಬರು, ನ್ಯೂಜೆರ್ಸಿ